ಹಳೆಯ ಕಾರುಗಳ ತುಕ್ಕು ದುರಸ್ತಿ

ಹಳೆಯ ಕಾರುಗಳ ತುಕ್ಕು ದುರಸ್ತಿ ಎಂದರೆ ಹಲವು ದಶಕಗಳ ಹಿಂದೆ ತಯಾರಾದ ಮೋಟಾರು ಕಾರಿನ ಉಕ್ಕಿನ ಕವಚದಲ್ಲಿ ತುಕ್ಕು ತಿಂದ ಭಾಗವನ್ನು ಕತ್ತರಿಸಿ ತೆಗೆದು, ಆ ಸ್ಥಳದಲ್ಲಿ ಹೊಸ ಉಕ್ಕಿನ ತಗಡನ್ನು ಬೆಸುಗೆ ಹಾಕಿ ಕೂಡಿಸುವ ಕೆಲಸ. ಕರ್ನಾಟಕದ ಗ್ಯಾರೇಜುಗಳಲ್ಲಿ ತಗಡಿನ ಇಂತಹ ಕೆಲಸವನ್ನು ಸಾಮಾನ್ಯವಾಗಿ ‘ಟಿಂಕರಿಂಗ್’ ಎಂದು ಕರೆಯಲಾಗುತ್ತದೆ. ಬೆಸುಗೆಯನ್ನು ಹೊಸದಾಗಿ ಕಲಿಯುವವರೂ ಇದರ ಕೆಲವು ಹಂತಗಳನ್ನು ಸ್ವತಃ ಮಾಡಬಹುದು. ಆದರೆ ಕಾರಿನ ಭಾರವನ್ನು ಹೊರುವ ಭಾಗಗಳ ದುರಸ್ತಿಯು ಪ್ರಯಾಣಿಕರ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ್ದರಿಂದ ಅದಕ್ಕೆ ಅನುಭವಿಗಳ ನೆರವು ಅಗತ್ಯ.

ಹಿನ್ನೆಲೆ

ಭಾರತದ ರಸ್ತೆಗಳಲ್ಲಿ ದೀರ್ಘಕಾಲ ಎರಡು ಕಾರುಗಳು ಪ್ರಧಾನವಾಗಿದ್ದವು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿದ ಅಂಬಾಸಡರ್, ಹಿಂದುಸ್ತಾನ್ ಮೋಟಾರ್ಸ್‌ನ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100 ಕಾರನ್ನು ಆಧರಿಸಿದ ಪ್ರೀಮಿಯರ್ ಪದ್ಮಿನಿಯನ್ನು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿತು.

ಈ ಎರಡೂ ಕಾರುಗಳು ‘ಮಾನೋಕಾಕ್’ ರಚನೆಯವು. ಜೀಪು ಮತ್ತು ಲಾರಿಗಳಲ್ಲಿ ದಪ್ಪ ಉಕ್ಕಿನ ಚಾಸಿಯು ಭಾರವನ್ನು ಹೊರುತ್ತದೆ. ಮಾನೋಕಾಕ್ ಕಾರಿನಲ್ಲಿ ಪ್ರತ್ಯೇಕ ಚಾಸಿ ಇರುವುದಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಅಡ್ಡಪಟ್ಟಿ (ಸಿಲ್), ಕಂಬಗಳು ಮತ್ತು ಛಾವಣಿ ಒಟ್ಟಾಗಿ ಭಾರವನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಇಂತಹ ಕಾರಿನಲ್ಲಿ ತುಕ್ಕು ಕೇವಲ ಅಂದದ ಪ್ರಶ್ನೆಯಲ್ಲ. ಸಿಲ್ ಟೊಳ್ಳಾದ ಕಾರು ಹೊರನೋಟಕ್ಕೆ ಹೊಳೆಯುತ್ತಿದ್ದರೂ ಅಪಘಾತದಲ್ಲಿ ಸುಲಭವಾಗಿ ಮಡಚಿಕೊಳ್ಳಬಹುದು.

ತುಕ್ಕು ಹಿಡಿಯಲು ಕಾರಣಗಳು

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ವರ್ತಿಸಿ ಜಲಯುಕ್ತ ಐರನ್ ಆಕ್ಸೈಡ್ ಆಗಿ ಮಾರ್ಪಡುವುದೇ ತುಕ್ಕು. ಇದು ವಿದ್ಯುತ್ ರಾಸಾಯನಿಕ ಕ್ರಿಯೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕ್ರಿಯೆ ವೇಗಗೊಳ್ಳುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದ್ದರಿಂದ ಅದು ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆಯಂತೆ ಉಬ್ಬಿಸುತ್ತದೆ. ಅಂತಹ ಗುಳ್ಳೆ ಕಾಣಿಸಿಕೊಳ್ಳುವ ವೇಳೆಗೆ ತಗಡು ಹಿಂಬದಿಯಿಂದ ಬಹುಪಾಲು ಸವೆದಿರುವುದು ಸಾಮಾನ್ಯ.

ಕರಾವಳಿಯ ಸನ್ನಿವೇಶ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಬೀಳುತ್ತದೆ. ಕುಂದಾಪುರದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿರುವ ಕೋಟೇಶ್ವರದಂತಹ ಊರುಗಳಿಗೆ ಅರಬ್ಬಿ ಸಮುದ್ರವು ಬಹಳ ಸಮೀಪ. ಅಲೆಗಳಿಂದ ಸಿಡಿಯುವ ಸೂಕ್ಷ್ಮ ಹನಿಗಳನ್ನು ಗಾಳಿಯು ಒಳನಾಡಿಗೆ ತರುತ್ತದೆ. ಹನಿ ಆರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ, ಮಳೆಯಿಲ್ಲದ ದಿನಗಳಲ್ಲಿಯೂ ಲೋಹದ ಮೇಲ್ಮೈ ಪೂರ್ಣವಾಗಿ ಒಣಗುವುದಿಲ್ಲ. ಮೀನು ಸಾಗಿಸುವ ಲಾರಿಗಳಿಂದ ರಸ್ತೆಗೆ ಸೋರುವ ನೀರು ಚಕ್ರಗಳ ಮೂಲಕ ಕಾರಿನ ತಳಭಾಗಕ್ಕೆ ಸಿಡಿಯುವುದೂ ಇದೆ.

ಈ ಸನ್ನಿವೇಶವು ದುರಸ್ತಿಯ ಕಾಲವನ್ನೂ ನಿರ್ಧರಿಸುತ್ತದೆ. ಬಣ್ಣ ತೆಗೆದ ಬರಿಯ ಉಕ್ಕು ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಕೆಂಪಾಗಬಲ್ಲದು. ಆದ್ದರಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ಈ ಕೆಲಸಕ್ಕೆ ಸೂಕ್ತ.

ಪರಿಶೀಲನೆ

ಸಿಲ್‌ಗಳು, ಚಕ್ರದ ಮೇಲಿನ ಕಮಾನುಗಳು, ಬಾಗಿಲುಗಳ ಕೆಳ ಅಂಚು, ಕಾಲಿಡುವ ನೆಲ, ಡಿಕ್ಕಿಯ ತಳ, ಜ್ಯಾಕ್ ಕೊಡುವ ಸ್ಥಳಗಳು ಮತ್ತು ಮುಂಗಾಜಿನ ಸುತ್ತಲಿನ ಚೌಕಟ್ಟು ಹೆಚ್ಚಾಗಿ ತುಕ್ಕಿಗೆ ಗುರಿಯಾಗುತ್ತವೆ. ನೀರು ಹರಿದುಹೋಗಲು ಇಟ್ಟ ರಂಧ್ರಗಳು ಮಣ್ಣು ಮತ್ತು ತರಗೆಲೆಗಳಿಂದ ಮುಚ್ಚಿಕೊಂಡಾಗ ಅಲ್ಲಿ ನೀರು ನಿಲ್ಲುತ್ತದೆ.

ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ನೆಲಹಾಸನ್ನು ತೆಗೆದು, ಸಣ್ಣ ಸುತ್ತಿಗೆಯಿಂದ ಎಲ್ಲೆಡೆ ತಟ್ಟಿ ನೋಡಲಾಗುತ್ತದೆ. ಗಟ್ಟಿ ತಗಡು ಖಣಖಣಿಸುತ್ತದೆ. ತುಕ್ಕು ತಿಂದದ್ದು ಮಂದವಾದ ಸದ್ದು ಕೊಡುತ್ತದೆ. ಅನುಮಾನವಿರುವಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ಪರೀಕ್ಷಿಸಬಹುದು. ಪುಟ್ಟಿಯಿಂದ ಮುಚ್ಚಿದ ಹಳೆಯ ತೂತುಗಳನ್ನು ಅಯಸ್ಕಾಂತದಿಂದ ಪತ್ತೆಹಚ್ಚಬಹುದು. ಪುಟ್ಟಿ ದಪ್ಪವಾಗಿರುವಲ್ಲಿ ಅಯಸ್ಕಾಂತ ಅಂಟಿಕೊಳ್ಳುವುದಿಲ್ಲ.

ಬೆಸುಗೆಯ ವಿಧಾನಗಳು

ಕಾರಿನ ಹೊರಕವಚದ ತಗಡು ಸಾಮಾನ್ಯವಾಗಿ 0.8ರಿಂದ 1 ಮಿ.ಮೀ. ದಪ್ಪವಿರುತ್ತದೆ. ಗೇಟು, ಗ್ರಿಲ್‌ಗಳಿಗೆ ಬಳಸುವ ಕಡ್ಡಿಯ ಆರ್ಕ್ ವೆಲ್ಡಿಂಗ್ ಇದಕ್ಕೆ ಒಗ್ಗುವುದಿಲ್ಲ. 2.5 ಮಿ.ಮೀ. ಕಡ್ಡಿಗೆ ಬೇಕಾಗುವ ವಿದ್ಯುತ್ ಪ್ರವಾಹವು ತಗಡನ್ನು ತೂತು ಮಾಡಿಬಿಡುತ್ತದೆ. ಹಿಂದಿನ ಟಿಂಕರ್‌ಗಳು ಆಕ್ಸಿಜನ್–ಅಸಿಟಲೀನ್ ಗ್ಯಾಸ್ ಬೆಸುಗೆಯನ್ನು ಬಳಸುತ್ತಿದ್ದರು. ನುರಿತ ಕೈಯಲ್ಲಿ ಅದು ಉತ್ತಮ ಫಲ ಕೊಡುತ್ತದೆ. ಆದರೆ ಶಾಖ ವಿಶಾಲವಾಗಿ ಹರಡುವುದರಿಂದ ಹೊಸಬರ ಕೈಯಲ್ಲಿ ತಗಡು ಸೊಟ್ಟಗಾಗುತ್ತದೆ.

ಕಲಿಯುವವರಿಗೆ ಹೆಚ್ಚು ಅನುಕೂಲವಾದದ್ದು ಮಿಗ್ ಬೆಸುಗೆ. ಇದರಲ್ಲಿ 0.6 ಅಥವಾ 0.8 ಮಿ.ಮೀ. ದಪ್ಪದ ತಂತಿಯು ಪಿಸ್ತೂಲಿನಾಕಾರದ ಹಿಡಿಕೆಯಿಂದ ತಾನಾಗಿಯೇ ಹೊರಬರುತ್ತದೆ. ಕಾರ್ಬನ್ ಡೈ ಆಕ್ಸೈಡ್ ಅಥವಾ ಅದರೊಂದಿಗೆ ಆರ್ಗಾನ್ ಬೆರೆಸಿದ ಅನಿಲವು ಕರಗಿದ ಲೋಹವನ್ನು ಗಾಳಿಯಿಂದ ರಕ್ಷಿಸುತ್ತದೆ. ಆರ್ಗಾನ್ ಮಿಶ್ರಣವಿದ್ದರೆ ಕಿಡಿ ಕಡಿಮೆ, ತೆಳು ತಗಡಿಗೆ ಹಿತ. ಕಡಲ ಗಾಳಿ ಈ ಅನಿಲವನ್ನು ಚದುರಿಸಿದರೆ ಬೆಸುಗೆಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆದ್ದರಿಂದ ಕರಾವಳಿಯಲ್ಲಿ ಮಧ್ಯಾಹ್ನದ ಗಾಳಿ ಏಳುವ ಮೊದಲು, ಅಥವಾ ಬೆಂಕಿ ಹಿಡಿಯದ ಮರೆಯನ್ನು ಕಟ್ಟಿಕೊಂಡು ಕೆಲಸ ಮಾಡುವುದು ಒಳ್ಳೆಯದು.

ದುರಸ್ತಿಯ ಹಂತಗಳು

1. ಅಭ್ಯಾಸ: ಕಾರಿನ ತಗಡಿನಷ್ಟೇ ದಪ್ಪದ ಗುಜರಿ ತುಂಡುಗಳನ್ನು ಬೆಸೆದು, ಕತ್ತರಿಸಿ, ಬಗ್ಗಿಸಿ ಪರೀಕ್ಷಿಸಬೇಕು. ಬಗ್ಗಿಸಿದಾಗ ಬೆಸುಗೆ ಬಿಟ್ಟುಕೊಂಡರೆ ಲೋಹ ಸರಿಯಾಗಿ ಬೆರೆತಿಲ್ಲವೆಂದು ಅರ್ಥ.

2. ಕತ್ತರಿಸುವುದು: ತುಕ್ಕಿನ ಅಂಚಿನವರೆಗೆ ಮಾತ್ರವಲ್ಲ, ಹೊಳೆಯುವ ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಬೇಕು. ಇಡೀ ದುರಸ್ತಿಯ ಬಾಳಿಕೆ ನಿಂತಿರುವುದು ಈ ಹಂತದ ಮೇಲೆ. ತುಕ್ಕಿನ ಮೇಲೆಯೇ ತೇಪೆ ಹಾಕಿದರೆ ಎರಡು ತಗಡುಗಳ ನಡುವೆ ತೇವ ಸಿಕ್ಕಿಕೊಂಡು ಸವೆತ ಮರೆಯಲ್ಲಿ ಮುಂದುವರಿಯುತ್ತದೆ. ಸಿಲ್‌ನಂತಹ ಭಾಗವನ್ನು ಕತ್ತರಿಸುವ ಮೊದಲು ಕಾರು ಬಾಗದಂತೆ ಬಾಗಿಲ ಚೌಕಟ್ಟಿಗೆ ಅಡ್ಡ ಆಧಾರ ಕೊಡಬೇಕಾಗುತ್ತದೆ.

3. ತುಂಡನ್ನು ಸಿದ್ಧಪಡಿಸುವುದು: ರಟ್ಟಿನ ಮಾದರಿಯನ್ನು ಮೊದಲು ಕತ್ತರಿಸಿ, ಅದರಂತೆ ತಗಡನ್ನು ರೂಪಿಸಲಾಗುತ್ತದೆ. ಅಂಚಿಗೆ ಅಂಚು ಕೂಡಿಸುವಾಗ ಸುಮಾರು 1 ಮಿ.ಮೀ. ಅಂತರ ಬಿಡಲಾಗುತ್ತದೆ. ಎರಡೂ ಬದಿಯ ಬಣ್ಣ, ಎಣ್ಣೆ, ತುಕ್ಕು ಪೂರ್ಣವಾಗಿ ಹೋಗಿರಬೇಕು.

4. ಬೆಸೆಯುವುದು: ಮೊದಲು ಸುಮಾರು 25–30 ಮಿ.ಮೀ. ಅಂತರದಲ್ಲಿ ಚುಕ್ಕೆ ಬೆಸುಗೆಗಳನ್ನು ಹಾಕಿ, ಅನಂತರ ಎದುರು ಬದಿಗಳಲ್ಲಿ ಸರದಿಯಂತೆ ಚುಕ್ಕೆಗಳನ್ನು ತುಂಬುತ್ತ ಹೋಗಲಾಗುತ್ತದೆ. ಒಂದೇ ಎಳೆಯಲ್ಲಿ ಉದ್ದಕ್ಕೆ ಬೆಸೆದರೆ ಶಾಖದಿಂದ ತಗಡು ಅಲೆಅಲೆಯಾಗುತ್ತದೆ. ಪ್ರತಿ ಚುಕ್ಕೆಯ ನಂತರ ತಣಿಯಲು ಬಿಡುವ ತಾಳ್ಮೆಯೇ ಇಲ್ಲಿ ಮುಖ್ಯ.

5. ಉಜ್ಜುವುದು: ಉಬ್ಬಿದ ಬೆಸುಗೆಯನ್ನು ಗ್ರೈಂಡರ್‌ನಿಂದ ಸ್ವಲ್ಪ ಸ್ವಲ್ಪವಾಗಿ ಉಜ್ಜಬೇಕು. ಅತಿಯಾದರೆ ಮೂಲ ತಗಡು ತೆಳುವಾಗುತ್ತದೆ.

ಸುರಕ್ಷತೆ

ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕವನ್ನು ಕಡಿದು, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇರಿಸಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯು ತುಂಬಿದ ಟ್ಯಾಂಕಿಗಿಂತಲೂ ಸುಲಭವಾಗಿ ಸ್ಫೋಟಿಸಬಲ್ಲದು. ಆದ್ದರಿಂದ ಟ್ಯಾಂಕಿಗೆ ಬೆಸುಗೆ ಹಾಕುವ ಕೆಲಸವನ್ನು ಕಲಿಯುವವರು ಮಾಡಲೇಬಾರದು. ಆಸನಗಳ ತೆಂಗಿನನಾರು, ಸ್ಪಂಜು, ಬಟ್ಟೆಗಳನ್ನು ತೆಗೆಯಬೇಕು. ಅಗ್ನಿಶಾಮಕ ಸಾಧನ ಕೈಗೆಟುಕುವಂತಿರಬೇಕು. ಕೆಲಸ ಮುಗಿದ ಮೇಲೆ ಅರ್ಧ ಗಂಟೆಯಾದರೂ ಕಾರನ್ನು ಗಮನಿಸುತ್ತಿರಬೇಕು.

ಬೆಸುಗೆಯ ಬೆಳಕಿನ ಅತಿನೇರಳೆ ಕಿರಣಗಳಿಂದ ಕಣ್ಣು ಮತ್ತು ಚರ್ಮ ಸುಡುವುದರಿಂದ ಮುಖಕವಚ, ಚರ್ಮದ ಕೈಗವಸು, ಹತ್ತಿಯ ದಪ್ಪ ಬಟ್ಟೆ ಅವಶ್ಯ. ಸತುಲೇಪಿತ ತಗಡಿನಿಂದ ಏಳುವ ಹೊಗೆ ಜ್ವರ ತರುತ್ತದೆ. ಕ್ಲೋರಿನ್‌ಯುಕ್ತ ದ್ರಾವಕದಿಂದ ತೊಳೆದ ಲೋಹವನ್ನು ಬೆಸೆದರೆ ಫಾಸ್ಜೀನ್ ಎಂಬ ವಿಷಾನಿಲ ಉಂಟಾಗಬಹುದು. ಒದ್ದೆ ನೆಲದಲ್ಲಿ, ಬೆವರಿನಿಂದ ತೊಯ್ದ ಬಟ್ಟೆಯಲ್ಲಿ ಕೆಲಸ ಮಾಡುವುದು ವಿದ್ಯುತ್ ಆಘಾತಕ್ಕೆ ದಾರಿ.

ದುರಸ್ತಿಯ ನಂತರದ ರಕ್ಷಣೆ

ಬೆಸುಗೆಯ ಶಾಖವು ಹಿಂಬದಿಯ ಬಣ್ಣವನ್ನೂ ಸುಟ್ಟಿರುತ್ತದೆ. ಹೊರಗೆ ಮಾತ್ರ ಬಣ್ಣ ಹಚ್ಚಿದರೆ ತುಕ್ಕು ಅಲ್ಲಿಂದಲೇ ಮತ್ತೆ ಆರಂಭವಾಗುತ್ತದೆ. ಬರಿಯ ಲೋಹಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿದು, ಕೂಡುಜಾಗಗಳಿಗೆ ಸೀಲರ್ ತುಂಬಿ, ಸಿಲ್‌ನಂತಹ ಟೊಳ್ಳು ಭಾಗಗಳ ಒಳಗೆ ಮೇಣದ ದ್ರವವನ್ನು ಸಿಂಪಡಿಸಬೇಕು. ನೀರು ಹರಿಯುವ ರಂಧ್ರಗಳನ್ನು ತೆರೆದಿಡಬೇಕು. ಮಳೆಗಾಲದ ಕೊನೆಯಲ್ಲಿ ತಳಭಾಗವನ್ನು ಸಿಹಿನೀರಿನಿಂದ ತೊಳೆದು ಒಣಗಿಸುವುದು ಕರಾವಳಿಯಲ್ಲಿ ಅತಿ ಅಗ್ಗದ ರಕ್ಷಣೋಪಾಯ.

ಕಾನೂನು ಮತ್ತು ಸಂರಕ್ಷಣೆ

ಖಾಸಗಿ ಕಾರುಗಳ ನೋಂದಣಿಯನ್ನು 15 ವರ್ಷಗಳ ನಂತರ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆಯ ಬಳಿಕ ನವೀಕರಿಸಬೇಕು. ಕೇಂದ್ರ ಸರ್ಕಾರವು 2021ರಲ್ಲಿ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಮತ್ತು ಮೂಲರೂಪದಲ್ಲಿಯೇ ಉಳಿದಿರುವ ವಾಹನಗಳು ‘ವಿಂಟೇಜ್’ ನೋಂದಣಿಗೆ ಅರ್ಹವಾಗಿವೆ. ಅವುಗಳ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಕವಚದ ಗಣನೀಯ ಮಾರ್ಪಾಡು ಈ ಅರ್ಹತೆಗೆ ಅಡ್ಡಿಯಾಗುವುದರಿಂದ, ದುರಸ್ತಿಯಲ್ಲಿ ಮೂಲ ಆಕಾರವನ್ನು ಕಾಯ್ದುಕೊಳ್ಳುವುದು ಮುಖ್ಯ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಅನೇಕ ಹಳೆಯ ಕಾರುಗಳನ್ನು ಕಾಣಬಹುದು. ಬೆಸುಗೆಯನ್ನು ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ವೃತ್ತಿಯ ಒಂದು ವರ್ಷದ ತರಬೇತಿ ಇದೆ.