ಕತ್ತಲೆಗೂ ಬರ ಬಂತೇ?

ತುಮಕೂರು: ಅಮಾವಾಸ್ಯೆ ರಾತ್ರಿ ಮಕ್ಕಳಿಗೆ ನಕ್ಷತ್ರ ತೋರಿಸಲು ಹೊರಟ ಖಗೋಳಾಸಕ್ತರಿಗೆ ಕತ್ತಲೇ ಸಿಗುತ್ತಿಲ್ಲ! ದೇವರಾಯನದುರ್ಗ ಎತ್ತರವೇನೋ ನಿಜ. ಆದರೆ ಆಗ್ನೇಯಕ್ಕೆ ಬೆಂಗಳೂರಿನ ಬೆಳಕು. ಆಕಾಶಗಂಗೆಯ ನಡುಭಾಗ ಹುಟ್ಟೋದೂ ಅದೇ ದಿಕ್ಕಿನಲ್ಲಿ. ಮೇಲಾಗಿ ಚಿರತೆ, ಕರಡಿ ಓಡಾಡುವ ಕಾಡು. ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಅದಕ್ಕಿಂತ ಪಾವಗಡ ಕಡೆಯ ಬಯಲು ವಾಸಿ. ಬೆಂಗಳೂರು ದೂರ, ಮಳೆ ಕಡಿಮೆ. ದಕ್ಷಿಣಕ್ಕೆ ದೀಪವಿಲ್ಲದ ಹೊಲ ನೋಡಿ, ಯಜಮಾನರನ್ನು ಕೇಳಿ, ಹಗಲಲ್ಲೇ ಒಮ್ಮೆ ಹೋಗಿ ಬನ್ನಿ. ಕಣ್ಣು ಕತ್ತಲೆಗೆ ಒಗ್ಗಲು 30 ನಿಮಿಷ ಬೇಕು; ಟಾರ್ಚಿಗೆ ಕೆಂಪು ಕಾಗದ ಸುತ್ತಿ. ವಾಪಸು ಬರಲು ರಾತ್ರಿ ಬಸ್ಸು ನಂಬಬೇಡಿ.

ಅಂಗಡಿ ಯಜಮಾನರೇ, ಬಾಗಿಲು ಎಳೆದ ಮೇಲೂ ಬೋರ್ಡಿನ ದೀಪ ಯಾರಿಗೆ ಸ್ವಾಮಿ? ಆರಿಸಿ. ಕರೆಂಟೂ ಉಳಿದೀತು, ಊರ ಮಕ್ಕಳಿಗೆ ನಾಲ್ಕು ಚುಕ್ಕಿ ಹೆಚ್ಚಿಗೆ ಕಂಡಾವು.