ಹೊಟ್ಟೆಯೊಳಗಿನ ಜೀವಿಗಳಿಗೂ ಊಟ ಬೇಕು: ಪ್ರೊಬಯಾಟಿಕ್ ಕೊಳ್ಳುವ ಮುನ್ನ

ಆರ್.ಟಿ. ನಗರದಿಂದ ಯಲಹಂಕದವರೆಗೆ ಯಾವ ಮೆಡಿಕಲ್ ಶಾಪ್‌ಗೆ ಹೋದ್ರೂ ಈಗ ‘ಗಟ್ ಹೆಲ್ತ್’ ಅಂತ ಬರೆದಿರೋ ಡಬ್ಬಿ ಕಾಣುತ್ತೆ. ಅದಕ್ಕೆ ದುಡ್ಡು ಹಾಕಬೇಕಾ? ಇವತ್ತು ಅದನ್ನೇ ನೋಡೋಣ.

ಮೊದಲು ಎರಡು ಪದ. ಪ್ರೊಬಯಾಟಿಕ್ ಅಂದ್ರೆ ಸಾಕಷ್ಟು ಪ್ರಮಾಣದಲ್ಲಿ ತಗೊಂಡಾಗ ಆರೋಗ್ಯಕ್ಕೆ ಲಾಭ ಕೊಡುವ ಜೀವಂತ ಸೂಕ್ಷ್ಮಜೀವಿಗಳು. ಪ್ರಿಬಯಾಟಿಕ್ ಅಂದ್ರೆ ಅಂಥ ಜೀವಿಗಳ ಊಟ. ಇನ್ಯುಲಿನ್‌ನಂಥ ನಾರು ನಮಗೆ ಜೀರ್ಣವಾಗಲ್ಲ, ಹಾಗೇ ದೊಡ್ಡ ಕರುಳು ತಲುಪುತ್ತೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದೇ. ತಿನ್ನೋದು ನೀವು, ಊಟ ಇಬ್ಬರಿಗೂ!

ಈ ಊಟ ನಮ್ಮ ಏರಿಯಾದಲ್ಲೇ ಇದೆ. ಜಿಪಿಯು-28 ರಾಗಿ ತಳಿ ಬಂದಿದ್ದು ಹೆಬ್ಬಾಳದ ಆಚೆಯ ಜಿಕೆವಿಕೆಯಿಂದ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಾರೆಲ್ಲ ಪ್ರಿಬಯಾಟಿಕ್ ಅಲ್ಲ, ನಿಜ. ಆದರೆ ಯಶವಂತಪುರ ಎಪಿಎಂಸಿಗೆ ಬರುವ ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇನ್ಯುಲಿನ್ ಜಾತಿಯ ನಾರು ಇದೆ. ಕಾಳುಗಳಲ್ಲೂ ಬ್ಯಾಕ್ಟೀರಿಯಾ ಇಷ್ಟಪಡುವ ಸಕ್ಕರೆಗಳಿವೆ. ಮುದ್ದೆ, ಕಾಳು ಹಾಕಿದ ಬಸ್ಸಾರು ತಿಂದ್ರೆ ಇದೆಲ್ಲ ಒಂದೇ ತಟ್ಟೆಯಲ್ಲಿ ಸಿಗುತ್ತೆ.

ಹಾಗಾದ್ರೆ ಮನೆ ಮೊಸರು? ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಆದರೆ ಯಾವ ತಳಿ, ಎಷ್ಟು ಅನ್ನೋ ಲೆಕ್ಕ ಇರಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ಅದನ್ನು ಪ್ರೊಬಯಾಟಿಕ್ ಅನ್ನಲ್ಲ. ಒಳ್ಳೆ ಆಹಾರ ಅನ್ನೋದರಲ್ಲಿ ಅನುಮಾನ ಬೇಡ.

ಇನ್ನು ಡಬ್ಬಿ. 2020ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಸಂಘ ಪುರಾವೆಗಳನ್ನು ಪರಿಶೀಲಿಸಿ, ಹೆಚ್ಚಿನ ಜೀರ್ಣಾಂಗ ಕಾಯಿಲೆಗಳಿಗೆ ಪ್ರೊಬಯಾಟಿಕ್ ಶಿಫಾರಸು ಮಾಡಲಿಲ್ಲ. ಆಂಟಿಬಯಾಟಿಕ್ ಜೊತೆ ಬರಬಹುದಾದ ಒಂದು ಬಗೆಯ ಕರುಳಿನ ಸೋಂಕು ತಡೆಯಲು, ಹೀಗೆ ಕೆಲವೇ ಸಂದರ್ಭಗಳಲ್ಲಿ, ನಿರ್ದಿಷ್ಟ ತಳಿಗಳನ್ನು ಹೇಳಿತು.

ಕೊಳ್ಳೋದೇ ಆದ್ರೆ ಲೇಬಲ್ ಓದಿ. ತಳಿಯ ಪೂರ್ತಿ ಹೆಸರು ಇರಲಿ. ಎಫ್‌ಎಸ್‌ಎಸ್‌ಎಐನ 2016ರ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಸಿಎಫ್‌ಯು, ಅಂದ್ರೆ ಅಷ್ಟು ಜೀವಂತ ಬ್ಯಾಕ್ಟೀರಿಯಾ ಇರಬೇಕು. ಬಿಸಿ ಹಾಲಿಗೆ ಬೆರೆಸಬೇಡಿ, ಸತ್ತುಹೋಗಬಹುದು. ನಾರಿನ ಪುಡಿಯಾದ್ರೆ ಸ್ವಲ್ಪದಿಂದ ಶುರುಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಇಲ್ಲದಿದ್ದರೆ ಗ್ಯಾಸ್, ಹೊಟ್ಟೆ ಉಬ್ಬರ ಗ್ಯಾರಂಟಿ.

ರೋಗನಿರೋಧಕ ಶಕ್ತಿ ಕುಗ್ಗಿರುವವರು, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಡಾಕ್ಟರ್ ಹೇಳದೆ ಪ್ರೊಬಯಾಟಿಕ್ ಬೇಡವೇ ಬೇಡ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು ಕಂಡರೆ ಡಬ್ಬಿ ಬಿಟ್ಟು ಆಸ್ಪತ್ರೆಗೆ ಹೋಗಿ.