ನಾಲ್ಕು ಅಂಗಡಿ, ಒಂದೇ ತಿಜೋರಿ: ವೇಲ್ಸ್ ರಗ್ಬಿಯ ಜಮಾ-ಖರ್ಚು

ಬ್ರಿಟನ್ನಿನ ಪಶ್ಚಿಮ ಅಂಚಿನಲ್ಲಿರುವ ವೇಲ್ಸ್ ನಾಡಿನ ಜನಸಂಖ್ಯೆ ಸುಮಾರು 31 ಲಕ್ಷ. ಕಲ್ಲಿದ್ದಲು, ಉಕ್ಕು ಮತ್ತು ರಗ್ಬಿ ಈ ಮೂರೂ ಅದರ ದಕ್ಷಿಣದ ಕಣಿವೆಗಳಲ್ಲಿ ಒಟ್ಟಿಗೆ ಬೆಳೆದವು. 1984-85ರ ಮುಷ್ಕರದ ತರುವಾಯ ಗಣಿಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಟಾಟಾ ಸಮೂಹದ ಒಡೆತನದಲ್ಲಿರುವ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯ ಕೊನೆಯ ಊದುಕುಲುಮೆಯೂ 2024ರ ಸೆಪ್ಟೆಂಬರ್‌ನಲ್ಲಿ ಆರಿತು. ಉಳಿದದ್ದು ರಗ್ಬಿ. ಈಗ ಅದರ ಲೆಕ್ಕಪುಸ್ತಕವೂ ಕೆಂಪು ಶಾಯಿಯಲ್ಲಿದೆ.

ರಗ್ಬಿ 1995ರಲ್ಲಿ ವೃತ್ತಿಪರ ಕ್ರೀಡೆಯಾಯಿತು. ಅಷ್ಟು ಸಣ್ಣ ಮಾರುಕಟ್ಟೆಯಲ್ಲಿ ಒಂಬತ್ತು ಕ್ಲಬ್‌ಗಳು ಆಟಗಾರರಿಗೆ ಸಂಬಳ ಕೊಟ್ಟು ಬದುಕುವುದು ಅಸಾಧ್ಯವೆಂದು ಮನಗಂಡ ವೆಲ್ಷ್ ರಗ್ಬಿ ಒಕ್ಕೂಟವು, ಅಂದಿನ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಮಾಫೆಟ್ ಅವರ ಮುಂದಾಳುತನದಲ್ಲಿ, 2003ರಲ್ಲಿ ಐದು ಪ್ರಾದೇಶಿಕ ತಂಡಗಳನ್ನು ರಚಿಸಿತು. ಕಾರ್ಡಿಫ್ ಮತ್ತು ಲ್ಯಾನೆಲ್ಲಿ ಒಂಟಿಯಾಗಿ ಉಳಿದವು. ನೀತ್ ಮತ್ತು ಸ್ವಾನ್‌ಸಿ ಸೇರಿ ಆಸ್ಪ್ರೇಸ್ ಆಯಿತು. ನ್ಯೂಪೋರ್ಟ್ ಸುತ್ತಣ ಗ್ವೆಂಟ್ ಸೀಮೆಗೆ ಡ್ರ್ಯಾಗನ್ಸ್ ಬಂತು. ಪಾಂಟಿಪ್ರೀತ್ ಮತ್ತು ಬ್ರಿಜೆಂಡ್ ಕೂಡಿದ ಸೆಲ್ಟಿಕ್ ವಾರಿಯರ್ಸ್ ಒಂದೇ ಋತು ಬಾಳಿ, 2004ರಲ್ಲಿ ಬಾಗಿಲು ಹಾಕಿತು.

ಖರ್ಚಿನ ದೃಷ್ಟಿಯಿಂದ ಈ ನಿರ್ಧಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಗುಡ್‌ವಿಲ್‌ನ ಲೆಕ್ಕ. ಒಂದೇ ಪೇಟೆಯಲ್ಲಿ ತಲೆಮಾರುಗಳಿಂದ ಎದುರುಬದುರು ಪೈಪೋಟಿ ನಡೆಸಿದ ಎರಡು ಅಂಗಡಿಗಳಿಗೆ ಒಂದೇ ಹೊಸ ಫಲಕ ಹಾಕಿದರೆ ಎರಡರ ಗಿರಾಕಿಗಳೂ ಬರುತ್ತಾರೆಂಬ ಖಾತರಿ ಏನು? ಪಾಂಟಿಪ್ರೀತ್‌ನ ಅಭಿಮಾನಿಯ ಪಾಲಿಗೆ ಬ್ರಿಜೆಂಡ್ ಎದುರಾಳಿಯ ಊರು. ವಾರಿಯರ್ಸ್ ಮುಚ್ಚಿದ ಮೇಲೆ ಅವನನ್ನು ಕಾರ್ಡಿಫ್‌ನ ಪ್ರೇಕ್ಷಕನೆಂದು ಲೆಕ್ಕ ಹಿಡಿಯಲಾಯಿತು. ಕಣಿವೆಗಳ ಅನೇಕರು ಪ್ರಾದೇಶಿಕ ತಂಡಗಳನ್ನು ಕೊನೆಗೂ ತಮ್ಮವೆಂದು ಒಪ್ಪಿಕೊಳ್ಳಲಿಲ್ಲ.

ಈ ಕೊರತೆಯನ್ನು ಬಹುಕಾಲ ಮರೆಮಾಚಿದ್ದು ರಾಷ್ಟ್ರೀಯ ತಂಡದ ಯಶಸ್ಸು. 2005, 2008, 2012 ಮತ್ತು 2019ರಲ್ಲಿ ವೇಲ್ಸ್ ಗ್ರ್ಯಾಂಡ್ ಸ್ಲ್ಯಾಮ್ ಗಳಿಸಿತು. 1999ರಲ್ಲಿ ತೆರೆದ ಕಾರ್ಡಿಫ್‌ನ ಭವ್ಯ ಕ್ರೀಡಾಂಗಣದಲ್ಲಿ 70 ಸಾವಿರಕ್ಕೂ ಹೆಚ್ಚು ಆಸನಗಳಿವೆ. ಅಂತಾರಾಷ್ಟ್ರೀಯ ಪಂದ್ಯದ ದಿನ ಅದು ತುಂಬುತ್ತಿತ್ತು. ಒಕ್ಕೂಟದ ಮುಖ್ಯ ವರಮಾನ ಅಲ್ಲಿಯದು. ಪ್ರಾದೇಶಿಕ ತಂಡಗಳು ಆಟಗಾರರನ್ನು ಬೆಳೆಸಿ ಕೊಡುತ್ತವೆ, ಒಕ್ಕೂಟ ಅದಕ್ಕೆ ಪ್ರತಿಫಲವಾಗಿ ಹಣ ಸಂದಾಯ ಮಾಡುತ್ತದೆ. ಒಬ್ಬನೇ ಖರೀದಿದಾರನನ್ನು ನಂಬಿದ ಸಣ್ಣ ತಯಾರಕನ ಪಾಡು ಹೇಗಿರುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಆ ಖರೀದಿದಾರನೇ ನಿಯಮ ಮಾಡುವವನು, ಸಾಲ ಕೊಡುವವನೂ ಹೌದು.

ಕೋವಿಡ್ ಕಾಲದಲ್ಲಿ ಕ್ರೀಡಾಂಗಣಗಳು ಬರಿದಾದಾಗ ಒಕ್ಕೂಟವು 2 ಕೋಟಿ ಪೌಂಡುಗಳ ಸಾಲ ಪಡೆದು ತಂಡಗಳಿಗೆ ಹಂಚಿತು. ಕಳೆದುಹೋದ ವರಮಾನಕ್ಕೆ ಪರಿಹಾರವಾಗಿ ಬಂದದ್ದು ಮರುಪಾವತಿಯ ಹೊಣೆ. 2023ರ ಫೆಬ್ರವರಿಯಲ್ಲಿ ಒಪ್ಪಂದಗಳ ಅನಿಶ್ಚಿತತೆಯಿಂದ ನೊಂದ ಆಟಗಾರರು ಇಂಗ್ಲೆಂಡ್ ವಿರುದ್ಧದ ಪಂದ್ಯವನ್ನೇ ಬಹಿಷ್ಕರಿಸುವ ಎಚ್ಚರಿಕೆ ನೀಡಿದರು. ಆ ಬಳಿಕ ಪ್ರತಿ ತಂಡದ ಆಟಗಾರರ ಸಂಬಳದ ಮಿತಿ 2023-24ಕ್ಕೆ 52 ಲಕ್ಷ, 2024-25ಕ್ಕೆ 45 ಲಕ್ಷ ಪೌಂಡಿಗೆ ಇಳಿಯಿತು. ಸಂಬಳ ಕಡಿತಗೊಂಡಾಗ ಪಳಗಿದ ಆಟಗಾರರು ಇಂಗ್ಲೆಂಡ್, ಫ್ರಾನ್ಸ್‌ಗಳತ್ತ ಹೊರಟರು. ರಾಷ್ಟ್ರೀಯ ತಂಡವು ಸತತ 18 ಟೆಸ್ಟ್ ಪಂದ್ಯಗಳನ್ನು ಸೋತು, 2025ರ ಜುಲೈನಲ್ಲಿ ಜಪಾನಿನ ಎದುರು ಗೆದ್ದು ನಿಟ್ಟುಸಿರು ಬಿಟ್ಟಿತು. ಕಚ್ಚಾ ಸರಕಿನಲ್ಲಿ ಉಳಿತಾಯ ಮಾಡಿದ್ದು ಸಿದ್ಧವಸ್ತುವಿನಲ್ಲಿ ಕಾಣಿಸಿಕೊಂಡಿತು.

2025ರ ಏಪ್ರಿಲ್‌ನಲ್ಲಿ ಕಾರ್ಡಿಫ್ ತಂಡ ದಿವಾಳಿಯ ಅಂಚು ತಲುಪಿದಾಗ ಒಕ್ಕೂಟವೇ ಅದನ್ನು ಕೊಂಡುಕೊಂಡಿತು. ತಮ್ಮ ಪ್ರತಿಸ್ಪರ್ಧಿಗೇ ಒಕ್ಕೂಟ ಮಾಲೀಕನಾದ ಮೇಲೆ ಪಕ್ಷಪಾತ ನಡೆಯದೆಂಬ ಭರವಸೆ ಬೇಕೆಂದು ಆಸ್ಪ್ರೇಸ್ ಮತ್ತು ಸ್ಕಾರ್ಲೆಟ್ಸ್ ತಂಡಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಈ ಅಂಜಿಕೆ ಅಕಾರಣವಲ್ಲ.

ಪರಿಹಾರವೆಂದಾಗ ಎಲ್ಲರೂ ಐರ್ಲೆಂಡಿನತ್ತ ಬೆರಳು ತೋರುತ್ತಾರೆ. ಅಲ್ಲಿ ನಾಲ್ಕು ಪ್ರಾಂತ್ಯ ತಂಡಗಳು ಒಕ್ಕೂಟದ ಅಧೀನದಲ್ಲೇ ಇವೆ, ಪ್ರಮುಖ ಆಟಗಾರರ ಸಂಬಳ ಕೇಂದ್ರದಿಂದಲೇ ಬರುತ್ತದೆ. ಆದರೆ ಲೀನ್‌ಸ್ಟರ್, ಮನ್‌ಸ್ಟರ್ ಎಂಬವು ಶತಮಾನಗಳ ಹೆಸರುಗಳು. ಸಮಿತಿಯ ಮೇಜಿನ ಮೇಲೆ ಹುಟ್ಟಿದವಲ್ಲ. ಒಡೆತನದ ವ್ಯವಸ್ಥೆಯನ್ನು ಎರವಲು ತರಬಹುದು, ಅಭಿಮಾನವನ್ನು ತರಲಾಗದು. ಇಂಗ್ಲಿಷ್ ಕ್ಲಬ್‌ಗಳೊಂದಿಗೆ ಜಂಟಿ ಲೀಗ್ ಆಡುವುದು ಇನ್ನೊಂದು ಸಲಹೆ. ಪಕ್ಕದೂರಿನ ಎದುರಾಳಿ ಬಂದರೆ ಟಿಕೆಟ್ ಮಾರಾಟವಾಗುತ್ತದೆ. 2021ರಿಂದ ದಕ್ಷಿಣ ಆಫ್ರಿಕಾದ ತಂಡಗಳೂ ಸೇರಿದ ಲೀಗಿನಲ್ಲಿ ಪ್ರಯಾಣವೆಚ್ಚವೂ ಹಗುರವೇನಲ್ಲ. ಆದರೆ 2022 ಮತ್ತು 2023ರಲ್ಲಿ ವೂಸ್ಟರ್, ವಾಸ್ಪ್ಸ್, ಲಂಡನ್ ಐರಿಷ್ ಎಂಬ ಮೂರು ಇಂಗ್ಲಿಷ್ ಕ್ಲಬ್‌ಗಳೇ ಉರುಳಿದ್ದನ್ನು ನೋಡಿದರೆ ಆ ನೆರಳು ಕೂಡ ತಂಪಲ್ಲ.

ಹೀಗಾಗಿ 2025ರ ಅಕ್ಟೋಬರ್‌ನಲ್ಲಿ ಒಕ್ಕೂಟವು ನಾಲ್ಕನ್ನು ಮೂರಕ್ಕೆ ಇಳಿಸಲು ನಿರ್ಧರಿಸಿತು: ಕಾರ್ಡಿಫ್‌ಗೊಂದು, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಇರುವ ಹಣ ಮೂರು ಪಾಲಾದರೆ ಪ್ರತಿ ತಂಡವೂ ಬಲವಾದೀತೆಂಬ ಎಣಿಕೆ ಗಣಿತಕ್ಕೆ ಒಪ್ಪುತ್ತದೆ. ಆದರೆ ಪಶ್ಚಿಮದಲ್ಲಿ ಇರುವುದು ಎರಡು ತಂಡ. ನಾಲ್ಕು ಬಾರಿ ಲೀಗ್ ಪ್ರಶಸ್ತಿ ಗೆದ್ದ ಆಸ್ಪ್ರೇಸ್ ಒಂದು. 1972ರಲ್ಲಿ ನ್ಯೂಜಿಲೆಂಡನ್ನೇ ಮಣಿಸಿದ ಲ್ಯಾನೆಲ್ಲಿಯ ವಾರಸುದಾರ ಸ್ಕಾರ್ಲೆಟ್ಸ್ ಇನ್ನೊಂದು. ಇವೆರಡನ್ನೂ ವಿಲೀನಗೊಳಿಸುವ ಪ್ರಯತ್ನ 2019ರಲ್ಲೇ ಮುರಿದುಬಿದ್ದಿತ್ತು. ಈ ಬಾರಿ ಒಂದು ತಂಡದ ಫಲಕ ಇಳಿದರೆ, ಅದರ ಪ್ರೇಕ್ಷಕ ಪಕ್ಕದೂರಿಗೆ ಟಿಕೆಟ್ ಕೊಳ್ಳಲು ಹೋಗುವನೇ, ಮನೆಯಲ್ಲೇ ಕೂರುವನೇ ಎಂಬುದನ್ನು ಯಾವ ಅಂದಾಜು ಪಟ್ಟಿಯಲ್ಲೂ ಒಂದು ಅಂಕಣವಾಗಿ ಬರೆಯಲಾಗದು. ಪಾಂಟಿಪ್ರೀತ್‌ನವನು 2004ರಿಂದ ಏನು ಮಾಡಿದನೆಂಬುದು ಮಾತ್ರ ದಾಖಲೆಯಲ್ಲಿದೆ.